ತೋರಿಸಿ ಮಾತಾಡಿ

ಇಂಗ್ಲಿಷ್ ಚರ್ಚೆಗಳಲ್ಲಿ ‘ಡಿಮಾನ್‌ಸ್ಟ್ರಬ್ಲಿ’ (ತೋರಿಸಿಕೊಡಬಹುದಾದಂತೆ) ಎಂಬ ಪದ ಕಿವಿಗೆ ಬಿದ್ದಾಗಲೆಲ್ಲ ನನ್ನ ಮನಸ್ಸು ತಕರಾರು ತೆಗೆಯುತ್ತದೆ: ಎಲ್ಲಿ, ತೋರಿಸಿ ನೋಡೋಣ! ಈ ಯೋಜನೆ ಡಿಮಾನ್‌ಸ್ಟ್ರಬ್ಲಿ ವಿಫಲ, ಆ ಆಟಗಾರ ಡಿಮಾನ್‌ಸ್ಟ್ರಬ್ಲಿ ಶ್ರೇಷ್ಠ ಎನ್ನುತ್ತಾರೆ. ಪುರಾವೆ ಕೇಳಿದರೆ ದನಿ ಏರುತ್ತದೆ, ಅಷ್ಟೇ. ಬಲವಾಗಿ ನಂಬಿದ್ದೇನೆ ಎನ್ನಲು ‘ಡೆಫಿನೆಟ್ಲಿ’ ಇದೆಯಲ್ಲ, ಧಾರಾಳವಾಗಿ ಬಳಸಲಿ. ‘ಡಿಮಾನ್‌ಸ್ಟ್ರಬ್ಲಿ’ ಎಂದವರು ಮಾತ್ರ ಸಾಕ್ಷ್ಯ ಮುಂದಿಡುವ ಹೊಣೆಯನ್ನೂ ಹೊತ್ತಿರುತ್ತಾರೆ.

ಸರಿಯಾದ ಬಳಕೆ ಬೇಕೆ? ಭಾರತದ ಭೂಪಟ ತೆಗೆಯಿರಿ. ಗಡಿ ಹಂಚಿಕೊಂಡ ರಾಜ್ಯಗಳಿಗೆ ಒಂದೇ ಬಣ್ಣ ಬರಬಾರದು ಎಂದಾದರೆ, ಮೂರು ಬಣ್ಣ ಡಿಮಾನ್‌ಸ್ಟ್ರಬ್ಲಿ ಸಾಲದು. ಛತ್ತೀಸಗಡದ ಸುತ್ತ ಮಧ್ಯಪ್ರದೇಶ, ಉತ್ತರಪ್ರದೇಶ, ಜಾರ್ಖಂಡ್, ಒಡಿಶಾ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರ ಕೈಕೈ ಹಿಡಿದು ನಿಂತಿವೆ. ನಡುವಿನದಕ್ಕೆ ಒಂದು ಬಣ್ಣ ಹೋಯಿತು. ಉಳಿದೆರಡನ್ನು ಒಂದು ಬಿಟ್ಟು ಒಂದಕ್ಕೆ ಹಚ್ಚುತ್ತ ಬನ್ನಿ. ಏಳು ಬೆಸಸಂಖ್ಯೆ, ಹಾಗಾಗಿ ಕೊನೆಯ ಮಹಾರಾಷ್ಟ್ರಕ್ಕೂ ಮೊದಲ ಮಧ್ಯಪ್ರದೇಶಕ್ಕೂ ಒಂದೇ ಬಣ್ಣ ಬಂದು ಕೂರುತ್ತದೆ. ನಾಲ್ಕನೆಯ ಪೆನ್ಸಿಲ್ ತೆಗೆಯಲೇಬೇಕು. (ನಮ್ಮ ಕರ್ನಾಟಕಕ್ಕೆ ಈ ಪಾಡಿಲ್ಲ. ಗೋವಾ, ಕೇರಳ ಒಂದನ್ನೊಂದು ಮುಟ್ಟದಂತೆ ಕಡಲು ಬಳೆಯನ್ನು ಮುರಿದಿದೆ.)

ಹಾಗಾದರೆ ಯಾವ ಭೂಪಟಕ್ಕಾದರೂ ನಾಲ್ಕು ಸಾಕೆ? 1852ರಲ್ಲಿ ಇಂಗ್ಲೆಂಡಿನ ಕೌಂಟಿಗಳಿಗೆ ಬಣ್ಣ ಹಚ್ಚುತ್ತಿದ್ದ ಫ್ರಾನ್ಸಿಸ್ ಗುತ್ರಿಗೆ ಹಾಗನ್ನಿಸಿತು. 1879ರಲ್ಲಿ ಲಂಡನ್ನಿನ ವಕೀಲ ಆಲ್‌ಫ್ರೆಡ್ ಕೆಂಪ್ ಅದರ ಸಾಧನೆ ಪ್ರಕಟಿಸಿದರು. ಗಣಿತಲೋಕ ಒಪ್ಪಿತು. 1890ರಲ್ಲಿ ಪರ್ಸಿ ಹೀವುಡ್ ಅದರೊಳಗಿನ ತೂತು ತೋರಿಸಿದರು. ನಡುವಿನ ಆ ಹನ್ನೊಂದು ವರ್ಷ ನನ್ನನ್ನು ಬಿಡದೆ ಕಾಡುತ್ತದೆ. ನಾಲ್ಕು ಸಾಕು ಎಂಬ ಮಾತು ಆಗಲೂ ನಿಜವೇ ಆಗಿತ್ತು. ‘ತೋರಿಸಿಕೊಟ್ಟಾಗಿದೆ’ ಎಂಬುದಷ್ಟೇ ಸುಳ್ಳು. ಹೀವುಡ್ ಕೆಡವಿ ಸುಮ್ಮನಾಗಲಿಲ್ಲ. ಕೆಂಪ್ ಹಾಕಿದ ದಾರಿಯಲ್ಲೇ ನಡೆದು, ಐದು ಬಣ್ಣ ಸಾಕೆಂಬುದನ್ನು ಸಾಧಿಸಿದರು. ಕೈಗೆ ದಕ್ಕಿದಷ್ಟನ್ನೇ ಹೇಳಿದ ಆ ಮನುಷ್ಯನ ಮೇಲೆ ನನಗೆ ಅಪಾರ ಗೌರವ.

1976ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಕೆನೆತ್ ಆಪೆಲ್, ವುಲ್ಫ್‌ಗ್ಯಾಂಗ್ ಹಾಕನ್ ಕಂಪ್ಯೂಟರಿನಿಂದ ಸಾವಿರಕ್ಕೂ ಹೆಚ್ಚು ತಾಸು ಲೆಕ್ಕ ಮಾಡಿಸಿ ನಾಲ್ಕನ್ನೇ ಸಾಧಿಸಿದರು. ಮನುಷ್ಯರು ಕೂತು ಓದಿ ಪರಿಶೀಲಿಸಲಾಗದ್ದು ಸಾಧನೆ ಹೇಗಾದೀತು ಎಂದು ಕೆಲವರು ಒಪ್ಪಲಿಲ್ಲ. ಆ ಪ್ರಶ್ನೆ ನ್ಯಾಯವಾದದ್ದೇ. 2005ರಲ್ಲಿ ಜಾರ್ಜ್ ಗೊಂಥಿಯೆ ‘ಕಾಕ್’ ಎಂಬ ತಂತ್ರಾಂಶದಲ್ಲಿ ನಾಲ್ಕು ಬಣ್ಣ ಸಾಕೆಂಬುದರ ಸಾಧನೆಯೊಂದನ್ನು ಹೆಜ್ಜೆಹೆಜ್ಜೆಗೂ ತಾಳೆ ನೋಡಿಸಿದರು. ಮೊದಲ ಸಾರಿ ಅರಗಿಸಿಕೊಳ್ಳಲಾಗದವರ ಹಟದಿಂದಲೇ ಇಷ್ಟಾಯಿತು ಎಂದು ನಾನು ನಂಬುತ್ತೇನೆ. ಡೆಫಿನೆಟ್ಲಿ.