ತೋಟದ ಬೆಳಕು, ಭಾಗ 6: ಎಚ್‌ಡಿಆರ್ ಬೇಕಾ, ಬೇಡ್ವಾ?

“ಲ್ಯಾಂಡ್‌ಸ್ಕೇಪ್‌ಗೆ ಎಚ್‌ಡಿಆರ್ ಹಾಕ್ಬೇಕಾ?” ಅಂತ ತುಂಬ ಜನ ಕೇಳಿದ್ರಿ. ಹೌದು, ಅಲ್ಲ ಅಂತ ಒಂದೇ ಮಾತಲ್ಲಿ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ, ಪೂರ್ತಿ ಓದಿ.

ನಮ್ಮ ಐವರ್ನಾಡಿನ ಅಡಿಕೆ ತೋಟದೊಳಗೆ ಮಧ್ಯಾಹ್ನವೂ ನೆರಳು, ಸೋಗೆಗಳ ಎಡೆಯಲ್ಲಿ ಮಾತ್ರ ಆಕಾಶ ಬೆಳ್ಳಗೆ. ನಮ್ಮ ಕಣ್ಣಿಗೆ ಎರಡೂ ಕಾಣ್ತದೆ, ಕ್ಯಾಮೆರಾಕ್ಕೆ ಒಟ್ಟಿಗೆ ಸಿಗುವುದು ಕಷ್ಟ. ಅದಕ್ಕೇ ಎಚ್‌ಡಿಆರ್. ಒಂದೇ ದೃಶ್ಯವನ್ನು -2, 0, +2 ಅಂತ ಮೂರು ಸಲ ತೆಗೆದು ಸೇರಿಸುವುದು. ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು. ಹಾಗಾಗಿ ಮೊದಲನೆಯದಕ್ಕೂ ಕೊನೆಯದಕ್ಕೂ 16 ಪಟ್ಟು ವ್ಯತ್ಯಾಸ. ಈ ಉಪಾಯ ಹಳೆಯದು. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಚಿತ್ರ ಮಾಡಿದ್ದ.

ಆದ್ರೆ ಕಡಿದು ಹಾಕಿದ ಹಾಗೆ ನಿಂತುಕೊಳ್ಳಲು ಸೋಗೆಗೆ ಗೊತ್ತಿಲ್ಲ! ಗಾಳಿ ಬಂದ್ರೆ ಮೂರು ಫೋಟೋದಲ್ಲಿ ಮೂರು ಜಾಗ, ಸೇರಿಸಿದ್ರೆ ಎಲೆಗೆ ದೆವ್ವದ ಹಾಗೆ ನೆರಳು ಬರ್ತದೆ. ಅಲ್ಲಿ ಒಂದೇ ಫೋಟೋ ಸಾಕು: ಆಕಾಶದ ಮೇಲೆ ಬೆರಳಿಟ್ಟು ಎಕ್ಸ್‌ಪೋಶರ್ ಇಳಿಸಿ ತೆಗೀರಿ, ಆಮೇಲೆ ಶ್ಯಾಡೋಸ್ ಸ್ವಲ್ಪ ಏರಿಸಿ. ಜಾಸ್ತಿ ಏರಿಸಿದ್ರೆ ಕತ್ತಲಲ್ಲಿ ಕಾಳು ಕಾಳು ಕಾಣ್ತದೆ, ಅಲ್ಲಿಗೇ ನಿಲ್ಲಿಸಿ. ಕುಮಾರ ಪರ್ವತದ ಸೂರ್ಯೋದಯದ ಹಾಗೆ ಬಂಡೆ ಕಪ್ಪು, ಆಕಾಶ ಬೆಂಕಿ, ಅಲುಗಾಡುವುದು ಏನೂ ಇಲ್ಲ ಅಂದ್ರೆ ಮಾತ್ರ ಟ್ರೈಪಾಡ್ ಇಟ್ಟು ಎಚ್‌ಡಿಆರ್ ಮಾಡಿ.

ಈಗ ಮುಖ್ಯ ವಿಷಯ. ಸ್ನ್ಯಾಪ್‌ಸೀಡ್‌ನ ‘ಎಚ್‌ಡಿಆರ್ ಸ್ಕೇಪ್’ ನಿಜವಾದ ಎಚ್‌ಡಿಆರ್ ಅಲ್ಲ, ಒಂದೇ ಫೋಟೋಕ್ಕೆ ಹಾಕುವ ಫಿಲ್ಟರ್. ಅದನ್ನು ಜೋರು ಹಾಕಿ, ಮೇಲಿಂದ ಹಳದಿಯನ್ನೂ ಹಸಿರಿಗೆ ತಿರುಗಿಸಿದ್ರೆ ಯಾವ ತೋಟವೂ ಸ್ವರ್ಗದ ಹಾಗೆ ಕಾಣ್ತದೆ. ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗ ಎಷ್ಟು ತೋಟ ತಿಂದಿದೆ ಅಂತ ನಿಮ್ಗೆ ಗೊತ್ತುಂಟು. ಹೊರಗಿನ ಸೋಗೆಯ ಎಲೆ ತುದಿಯಲ್ಲಿ ಶುರುವಾಗುವ ಆ ಹಳದಿಯೇ ಮೊದಲ ಸೂಚನೆ. ಸ್ಲೈಡರ್ ಅದನ್ನೇ ಅಳಿಸ್ತದೆ. ಲೈಕ್ ಬರ್ತದೆ, ತೋಟ ಉಳಿಯುದಿಲ್ಲ.

ಅದಕ್ಕೆ ನನ್ನ ಲೆಕ್ಕ ಇಷ್ಟೇ: ಬೆಳಕನ್ನು ತಿದ್ದಿ, ಬಣ್ಣವನ್ನು ಬಿಡಿ. ರೋಗ ಉಂಟಾ ಅಂತ ಕೇಳ್ಲಿಕ್ಕೆ ಯಾರಿಗಾದ್ರೂ ಫೋಟೋ ಕಳಿಸುವುದಾದ್ರೆ ಎಡಿಟ್ಟೇ ಬೇಡ.

ಕೊನೆಯ ಸ್ಲೈಡಲ್ಲಿ ಒಂದೇ ಮರ ಎರಡು ಸಲ ಉಂಟು. ಯಾವುದು ನಿಜ ಅಂತ ಕಮೆಂಟಲ್ಲಿ ಹೇಳಿ.

#ತೋಟದಬೆಳಕು #ಐವರ್ನಾಡು #ಸುಳ್ಯ