ಇಲ್ಲ್ ಓಲು?

ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಮೂಡುಬಿದಿರೆ ಬಸ್ಸು ಹೊರಟಿತು. ಕಂಡಕ್ಟರು ಮುಂದಿನವರ ಹತ್ತಿರ ತುಳು, ಹಿಂದಿನ ಸೀಟಿಗೆ ಬ್ಯಾರಿ, ನನ್ನೆದುರು ಕನ್ನಡ. ಗುರುಪುರದಲ್ಲಿ ಫಲ್ಗುಣಿ ಹೊಳೆ ದಾಟುವಾಗ ಪಕ್ಕದ ಅಜ್ಜಿ ಕೇಳಿದರು: “ಇಲ್ಲ್ ಓಲು?”

ಮನೆ ಎಲ್ಲಿ, ಅಷ್ಟೇ. ಈ ಕಡೆಗೆ ಬಂದ ಹೊಸದರಲ್ಲಿ ನಾನೂ ಅಷ್ಟೇ ಎಂದುಕೊಂಡಿದ್ದೆ. ಆದರೆ ತುಳುನಾಡಿನಲ್ಲಿ ಮನೆಯ ಹೆಸರೇ ಅರ್ಧ ಜಾತಕ. ಅರಸು ಮನೆತನದ ಬೀಡು ಎಂದರೆ ಒಂದು ಲೆಕ್ಕ, ಜಮೀನ್ದಾರರ ಗುತ್ತು ಎಂದರೆ ಇನ್ನೊಂದು, ಕೊರಗ ಬುಡಕಟ್ಟಿನವರ ಕೊಪ್ಪ ಎಂದರೆ ಮಾತು ಅಲ್ಲಿಗೇ ನಿಂತೀತು. ಮಂಗಳೂರಿನಲ್ಲಿ ಬಾಡಿಗೆಗೆ ಅಲೆಯುತ್ತಿದ್ದಾಗ ಒಬ್ಬ ಮಾಲೀಕರು “ನೀವು ಯಾವ ಪೈಕಿ?” ಎಂದು ಸುತ್ತುಬಳಸದೆ ಕೇಳಿ, ಉತ್ತರ ಸಿಕ್ಕ ಮೇಲೆ ಮನೆ ಆಗಲೇ ಹೋಗಿದೆ ಎಂದಿದ್ದರು. ಬಂದರು ಬ್ಯಾರಿಗಳದು, ರಥಬೀದಿ ಕೊಂಕಣಿಗರದು ಎಂಬ ಮಾತು ಆ ಪೇಟೆಯಲ್ಲಿ ಇನ್ನೂ ಸವೆದಿಲ್ಲ.

ಎಡಪದವು ಕಳೆದು ಮಿಜಾರಿನಲ್ಲಿ ಇಳಿದೆ. ಬಯಲುಸೀಮೆಯ ನನಗೆ ಊರೆಂದರೆ ಮೇಲುಕೇರಿ, ಕೆಳಕೇರಿ, ಆಚೆಗೊಂದು ಹೊಲೆಗೇರಿ. ಇಲ್ಲಿ ಕೇರಿಯೇ ಕಾಣದು. ಒಂದೊಂದು ಮನೆ ತನ್ನ ಗದ್ದೆ, ತನ್ನ ಅಡಿಕೆ ತೋಟದ ನಡುವೆ ಒಂಟಿ. ಯಾರ ಪಕ್ಕ ಯಾರು ಎಂಬ ತಕರಾರಿಗೆ ಜಾಗವೇ ಇಲ್ಲವಲ್ಲ ಎಂದು ಮೊದಲು ಹಿಗ್ಗಿದೆ. ಮುರಕಲ್ಲಿನ ದಾರಿಯಲ್ಲಿ ಎರಡು ಮನೆ ದಾಟುವುದರಲ್ಲೇ ಹಿಗ್ಗು ಇಳಿಯಿತು. ದೂರವನ್ನು ಇಲ್ಲಿ ಬೀದಿಯಲ್ಲಿ ಅಳೆದಿಲ್ಲ, ಅಂಗಳದಲ್ಲಿ ಅಳೆದಿದ್ದಾರೆ: ಯಾರು ಅಂಗಳದವರೆಗೆ, ಯಾರು ಚಾವಡಿಯವರೆಗೆ, ಯಾರು ಒಳಗೆ. 1974ರ ಭೂಸುಧಾರಣೆ ಗೇಣಿಯವನನ್ನು ಗದ್ದೆಯ ಒಡೆಯನನ್ನಾಗಿಸಿತು, ಧಣಿಯ ಚಾವಡಿಗೆ ಅದು ಕೈಹಾಕಲಿಲ್ಲ. ಇನ್ನು ಕೊರಗರಿಗಂತೂ ಅಂಗಳವೂ ದೂರ. ಅವರಿಂದ ಅಜಲು ಎಂಬ ಅವಮಾನದ ಚಾಕರಿ ಮಾಡಿಸುವುದನ್ನು ಕಾಯ್ದೆ ನಿಷೇಧಿಸಿದ್ದೇ 2000ದಲ್ಲಿ.

ನೆರೆಹೊರೆಯನ್ನು ಕಾನೂನಿನಿಂದಲೇ ಬೆರೆಸಲು ಹೊರಟ ಸಿಂಗಾಪುರ 1989ರಲ್ಲಿ ಸರ್ಕಾರಿ ವಸತಿ ಸಮುಚ್ಚಯಗಳ ಒಂದೊಂದು ಬ್ಲಾಕಿನಲ್ಲೂ ಚೀನೀಯರು ಇಷ್ಟು, ಮಲಯರು ಇಷ್ಟು ಎಂದು ಮಿತಿ ಕಟ್ಟಿತು. ಅಲ್ಲಿ ಮನೆ ಕೊಳ್ಳುವ ಕನ್ನಡಿಗನೂ ತಮಿಳನೂ ‘ಭಾರತೀಯರು ಮತ್ತು ಇತರರು’ ಎಂಬ ಒಂದೇ ಖಾನೆಗೆ ಬೀಳುತ್ತಾರೆ. ಅಂಗಳ, ಚಾವಡಿಯ ಲೆಕ್ಕ ಅಲ್ಲಿನ ಸರ್ಕಾರದ ಕಡತಕ್ಕೆ ಹೊಳೆದಿರಲಾರದು.

ಮಿಜಾರಿನ ಶೋಭಾವನದಲ್ಲಿ 2008ರಿಂದ ಆಳ್ವಾಸ್ ಎಂಜಿನಿಯರಿಂಗ್ ಕಾಲೇಜಿದೆ. ಆ ಕಡೆಯಿಂದ ಮರಳುವಾಗ ಚಹಾದಂಗಡಿಗೆ ಹೊಕ್ಕೆ. ಬ್ಯಾಗು ಹೊತ್ತ ಹುಡುಗನೊಬ್ಬ ಗೋಳಿಬಜೆಗೆ ಕಾಯುತ್ತಿದ್ದ. ಅಂಗಡಿಯವರು ನನ್ನ ಊರು, ಅದರಾಚೆಯ ಮೂಲದ ಊರು, ಅದರಲ್ಲಿ ಯಾವ ಮನೆ ಎಂದು ಮೂರು ಸುತ್ತು ವಿಚಾರಿಸಿ ಸಮಾಧಾನಗೊಂಡರು. ಆಮೇಲೆ ಅವನತ್ತ ತಿರುಗಿದರು.

“ಇಲ್ಲ್ ಓಲು?”

“ಇಂಫಾಲ,” ಎಂದ ಹುಡುಗ.

ಅವರು ಸ್ವಲ್ಪ ಹೊತ್ತು ಕಾದರು. ಮುಂದೆ ಏನು ಕೇಳಬೇಕೆಂದು ತೋಚದೆ, ಸೌಟಿನಲ್ಲಿ ಎರಡು ಗೋಳಿಬಜೆ ಹೆಚ್ಚಿಗೆ ಎತ್ತಿ ತಟ್ಟೆಗೆ ಹಾಕಿದರು.