ಹಿಂದೆ ಬರುವವರ ದೀಪ

ಪಾದಯಾತ್ರೆಯ ಗುಂಪಿನ ಹಿಂದೆ ನಿಧಾನವಾಗಿ ಒಂದು ಕಾರು ಬರುತ್ತದಲ್ಲ, ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ಕಾಲಿನ ಗುಳ್ಳೆ, ದಾರಿಯಲ್ಲಿ ಹೇಳಿದ ಜಪಸರ, ಬೆಳಗಿನ ಜಾವ ಹಳೇ ಗೋವಾ ತಲುಪಿದಾಗ ತುಂಬಿ ಬಂದ ಕಣ್ಣು ಇವೆಲ್ಲ ಪ್ರತಿ ವರ್ಷ ಬರುತ್ತವೆ. ಈ ಸಲ ನಾವು ಕಾರಿನ ಬಗ್ಗೆ ಬರೆಯುತ್ತಿದ್ದೇವೆ. ಅದರಲ್ಲೂ ಕಾರಿನ ಬ್ರೇಕ್ ಪೆಡಲ್ ಮೇಲೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿರುವ ಹೆಬ್ಬೆರಳಿನಷ್ಟು ದೊಡ್ಡ ಒಂದು ಸ್ವಿಚ್ಚಿನ ಬಗ್ಗೆ.

2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಪವಿತ್ರ ಶರೀರದ ದರ್ಶನ ನಡೆದದ್ದು ನಿಮಗೆಲ್ಲ ಗೊತ್ತು. ಹತ್ತು ವರ್ಷಕ್ಕೊಮ್ಮೆ ಬರುವ ಅವಕಾಶ. ಗೋವಾದವರಿಗೆ ಅವರು ‘ಗೋಂಯ್ಚೊ ಸಾಯ್ಬ್’. ಹುಬ್ಬಳ್ಳಿ, ಗದಗ, ಬೆಳಗಾವಿ ಕಡೆಯಿಂದ ಬಂದು ವಾಸ್ಕೋದಲ್ಲಿ ನೆಲೆಸಿದ ನಮ್ಮ ಮನೆಗಳಲ್ಲೂ ಅವರ ಚಿತ್ರ ಇಲ್ಲದ ಗೋಡೆ ಇಲ್ಲ. ನವೇನದ ದಿನಗಳಲ್ಲೇ ನಡೆದು ಹೋಗೋಣ ಎಂದು ಯುವಜನರೆಲ್ಲ ಸೇರಿ ನಿರ್ಧರಿಸಿದೆವು. ನವೆಂಬರ್ 30ರ ಶನಿವಾರ ರಾತ್ರಿ ಹೊರಟು, ಜುವಾರಿ ಸೇತುವೆ ದಾಟಿ, ಅಗಸೈಂ, ಪಿಲಾರ್ ಮಾರ್ಗವಾಗಿ ಭಾನುವಾರದ ಬಲಿಪೂಜೆಗೆ ತಲುಪುವುದು. ಬಿಸಿಲು ತಪ್ಪಿಸಲು ರಾತ್ರಿಯೇ ಒಳ್ಳೆಯದು. ಆದರೆ ರಾತ್ರಿ ಎಂದರೆ ಹಿಂದಿನಿಂದ ಬರುವ ವಾಹನಗಳ ಭಯ. ಅದಕ್ಕೇ ನಡೆಯುವವರ ಬೆನ್ನಿಗೆ ಒಂದು ಕಾರು ಬೇಕು. ನೀರು, ಬಿಸ್ಕತ್ತು, ನೋವಿನ ಎಣ್ಣೆ ಹೊರುವುದು ಅದರ ಎರಡನೇ ಕೆಲಸ. ಮೊದಲನೇ ಕೆಲಸ ಗೋಡೆಯಂತೆ ಹಿಂದೆ ನಿಲ್ಲುವುದು.

ಕಾರು ಕೊಡಲು ಒಪ್ಪಿದವರು ನಮ್ಮ ಕಾಕಾ ಒಬ್ಬರು. ಹಳೆಯ ಸಣ್ಣ ಕಾರು, ಆದರೆ ಚೆನ್ನಾಗಿ ಇಟ್ಟುಕೊಂಡಿದ್ದರು. ಬುಧವಾರ ನವೇನ ಮುಗಿಸಿ ಎಲ್ಲರೂ ಮನೆಗೆ ಹೊರಟಾಗ ನಮ್ಮ ಗುಂಪಿನ ಅಕ್ಕ ಸ್ಕೂಟರಿನಲ್ಲಿ ಆ ಕಾರಿನ ಹಿಂದೆಯೇ ಬರುತ್ತಿದ್ದರು. ಕಾಕಾ ಒಂದು ತಿರುವಿನಲ್ಲಿ ನಾಯಿ ಅಡ್ಡ ಬಂತೆಂದು ನಿಲ್ಲಿಸಿದರು. ಅಕ್ಕನ ಮುಂದಿನ ಚಕ್ರ ಬಂಪರಿಗೆ ಒಂದು ಗೇಣು ಉಳಿದಾಗ ನಿಂತಿತು.

“ಕಾಕಾ, ನಿಮ್ಮ ಗಾಡಿ ಬ್ರೇಕ್ ಲೈಟ್ ಹತ್ತವಲ್ದು. ನೀವು ನಿಂತೀರಿ ಅನ್ನೋದು ನಂಬರ್ ಪ್ಲೇಟ್ ಮೈಮ್ಯಾಲೆ ಬಂದಾಗ್ಲೇ ಗೊತ್ತಾತು ನನಗ.”

“ಬ್ರೇಕ್ ಚಲೋ ಹಿಡಿತೈತಲ್ಲ ತಂಗಿ” ಅಂದರು ಕಾಕಾ.

ಇಬ್ಬರೂ ಹೇಳಿದ್ದು ನಿಜ. ಬ್ರೇಕ್ ಹಿಡಿಯುವುದು ಎಣ್ಣೆಯ ಒತ್ತಡದಿಂದ, ದೀಪ ಹತ್ತುವುದು ವಿದ್ಯುತ್ತಿನಿಂದ. ಒಂದು ಕೆಟ್ಟರೂ ಇನ್ನೊಂದಕ್ಕೆ ಸುದ್ದಿ ತಿಳಿಯುವುದಿಲ್ಲ. ಹಳೆಯ ಕಾರುಗಳಲ್ಲಿ ಈ ದೀಪ ಕೆಟ್ಟಿದೆ ಎಂದು ಡ್ರೈವರಿಗೆ ತಿಳಿಸುವ ಸೂಚನೆಯೂ ಇರುವುದಿಲ್ಲ. ಹೆಡ್‌ಲೈಟ್ ಕೆಟ್ಟರೆ ದಾರಿ ಕಾಣದು, ವೈಪರ್ ಕೆಟ್ಟರೆ ಗಾಜು ಕಾಣದು. ಬ್ರೇಕ್ ಲೈಟ್ ಮಾತ್ರ ಗಾಡಿಯ ಯಜಮಾನನಿಗೆ ಎಂದೂ ಬೆಳಕು ಕೊಡದ ದೀಪ, ಪೂರ್ತಿಯಾಗಿ ಹಿಂದೆ ಬರುವವರಿಗಾಗಿಯೇ ಇರುವಂಥದ್ದು. ದೀಪದ ಬಗ್ಗೆ ಎಷ್ಟೋ ಪ್ರವಚನ ಕೇಳಿ ಬೆಳೆದವರು ನಾವು, ಆದರೂ ಮುಂದಿನ ಕನ್ನಡಿಗೆ ಜಪಸರ ತೂಗುಹಾಕುತ್ತೇವೆ, ಹಿಂದೆ ಹೋಗಿ ಯಾರೂ ನೋಡುವುದಿಲ್ಲ.

ಹಜಾರ್ಡ್ ಲೈಟ್ ಹಾಕಿಕೊಂಡು ಹೋದರೆ ಸಾಕಲ್ಲ ಎಂದು ನಮ್ಮಲ್ಲೇ ಕೆಲವರು ವಾದಿಸಿದರು. ಅವು ಬೇರೆ ಸರ್ಕಿಟ್, ಚೆನ್ನಾಗಿಯೇ ಮಿನುಗುತ್ತಿದ್ದವು. ಈ ವಾದ ಸ್ವಲ್ಪ ಹೊತ್ತು ನಡೆಯಿತು, ನಡೆಯಬೇಕಾದ ವಾದವೇ. ಹಜಾರ್ಡ್ ಹೇಳುವುದು ‘ಇಲ್ಲಿ ಏನೋ ಇದೆ, ಜೋಕೆ’ ಎಂದು ಮಾತ್ರ. ಈ ಗಾಡಿ ಚಲಿಸುತ್ತಿದೆಯೋ, ಈಗಷ್ಟೇ ನಿಂತಿತೋ ಎನ್ನುವುದನ್ನು ಅದು ಹೇಳುವುದಿಲ್ಲ. ನಡೆಯುವವರ ಹಿಂದೆ ಹೋಗುವ ಕಾರು ಐದು ನಿಮಿಷಕ್ಕೆ ಹತ್ತು ಸಲ ನಿಲ್ಲುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವ ಸ್ಕೂಟರು ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಬಂದಿರುತ್ತದೆ, 60ರ ವೇಗದಲ್ಲಿ ಬರುವ ಕಾರು 16 ಮೀಟರಿಗೂ ಹೆಚ್ಚು. ಅನುಮಾನಕ್ಕೆ ಒಂದು ಸೆಕೆಂಡು ಖರ್ಚಾದರೆ ಅಷ್ಟು ರಸ್ತೆ ಹೋಯಿತು. ಕಾರಿಗೆ ಬಡಿದರೆ ಕಾರು ಮುಂದೆ ತಳ್ಳುವುದು ನಮ್ಮ ಹುಡುಗ ಹುಡುಗಿಯರನ್ನೇ. ಹೊರಡುವ ಮೊದಲು ರಿಪೇರಿ ಆಗಲೇಬೇಕು ಎಂದು ತೀರ್ಮಾನವಾಯಿತು.

ಗುರುವಾರ ಸಂಜೆ ನಮ್ಮ ಕಡೆಯವರೇ ಆದ ಆಟೋ ಎಲೆಕ್ಟ್ರಿಷಿಯನ್ ಅಣ್ಣ ಚರ್ಚಿನ ಅಂಗಳಕ್ಕೆ ಬಂದರು. ನಾವು ಆಗಲೇ ಎರಡು ಬಲ್ಬ್ ತಂದಿಡಲು ಯೋಚಿಸುತ್ತಿದ್ದೆವು. ಅಣ್ಣ ನಕ್ಕು ಬಿಟ್ಟರು. “ಎಡಕ ಒಂದು, ಬಲಕ ಒಂದು, ಹಿಂದಿನ ಗಾಜಿನಾಗ ಮ್ಯಾಲೆ ಒಂದು. ಮೂರೂ ಒಂದ ದಿನ ಸಾಯ್ತಾವೇನು?” ಒಂದೇ ದೀಪ ಹತ್ತದಿದ್ದರೆ ಬಲ್ಬ್ ಅಥವಾ ಅದರ ಹೋಲ್ಡರ್ ನೋಡಬೇಕು. ಮೂರೂ ಹತ್ತದಿದ್ದರೆ ಮೂರಕ್ಕೂ ಸಾಮಾನ್ಯವಾದದ್ದನ್ನು ಹುಡುಕಬೇಕು, ಅಂದರೆ ಫ್ಯೂಸ್, ವೈರ್ ಅಥವಾ ಸ್ವಿಚ್.

ಫ್ಯೂಸ್ ನೋಡುವ ಮೊದಲು ಅವರು ಹಾರ್ನ್ ಹೊಡೆದರು. ಆ ಕಾರಿನಲ್ಲಿ ಹಾರ್ನ್ ಮತ್ತು ಬ್ರೇಕ್ ಲೈಟಿಗೆ ಒಂದೇ ಫ್ಯೂಸ್. ಹಾರ್ನ್ ಕೂಗಿತು, ಹಾಗಾಗಿ ಫ್ಯೂಸ್ ಸರಿ ಇದೆ. (ಎಲ್ಲ ಗಾಡಿಗಳಲ್ಲೂ ಹೀಗಿರುವುದಿಲ್ಲ, ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಗೆ ಚಿತ್ರ ಇರುತ್ತದೆ, ನೋಡಿಕೊಳ್ಳಿ.) ಆಮೇಲೆ ಡ್ರೈವರ್ ಸೀಟಿನ ಕೆಳಗೆ ತಲೆ ಹಾಕಿ, ಬೆನ್ನು ಮುರಿದುಕೊಂಡು ಮಲಗಿದರು. ಪೆಡಲ್ ತೋಳಿನ ಮೇಲ್ಭಾಗದಲ್ಲಿ ಆ ಸ್ವಿಚ್. ಒಬ್ಬೊಬ್ಬರಾಗಿ ನಾವೂ ಮೊಬೈಲ್ ಟಾರ್ಚ್ ಹಿಡಿದು ನೋಡಿದೆವು.

ಅದರ ಕೆಲಸ ತಿಳಿದಾಗ ನಮಗೆ ಅಚ್ಚರಿಯಾಯಿತು. ಪೆಡಲ್ ಒತ್ತಿದಾಗ ಅದು ಸ್ವಿಚ್ಚನ್ನು ಒತ್ತುತ್ತದೆ ಎಂದುಕೊಂಡಿದ್ದೆವು. ಇರುವುದು ತಿರುವುಮುರುವು. ಪೆಡಲ್ ಸುಮ್ಮನೆ ಇದ್ದಾಗ ಸ್ವಿಚ್ಚಿನ ತುದಿಯ ಸ್ಪ್ರಿಂಗ್ ಕಡ್ಡಿಯನ್ನು ಒಳಗೆ ಒತ್ತಿ ಹಿಡಿದಿರುತ್ತದೆ, ದೀಪ ಆರಿರುತ್ತದೆ. ಕಾಲಿಟ್ಟು ಒತ್ತಿದರೆ ಪೆಡಲ್ ದೂರ ಸರಿಯುತ್ತದೆ, ಕಡ್ಡಿ ಹೊರಗೆ ಬರುತ್ತದೆ, ಒಳಗಿನ ಎರಡು ಕಾಂಟ್ಯಾಕ್ಟ್ ಕೂಡಿಕೊಂಡು ದೀಪ ಹತ್ತುತ್ತದೆ.

ಅಣ್ಣ ಸ್ವಿಚ್ಚಿನ ಕನೆಕ್ಟರ್ ಕಿತ್ತು ಟೆಸ್ಟ್ ಲ್ಯಾಂಪ್ ಮುಟ್ಟಿಸಿದರು. ಎರಡು ವೈರುಗಳಲ್ಲಿ ಒಂದಕ್ಕೆ ಬ್ಯಾಟರಿಯ ಕರೆಂಟ್ ಬರುತ್ತಿತ್ತು. ನಂತರ ಒಂದು ತುಂಡು ವೈರಿನಿಂದ ಕನೆಕ್ಟರಿನ ಎರಡೂ ತುದಿಗಳನ್ನು ಜೋಡಿಸಿದರು. ಕಾರಿನ ಹಿಂದೆ ಕಾಯುತ್ತಿದ್ದವರು “ಹತ್ತಿತು, ಮೂರೂ ಹತ್ತಿದವು!” ಎಂದು ಕೂಗಿದರು. ಸ್ವಿಚ್ಚನ್ನು ಬಿಟ್ಟು ನೇರ ಜೋಡಿಸಿದಾಗ ಹತ್ತಿತು ಎಂದರೆ ವೈರ್ ಸರಿ, ಬಲ್ಬ್ ಸರಿ, ಅರ್ಥಿಂಗ್ ಸರಿ. ಕೆಟ್ಟದ್ದು ಸ್ವಿಚ್ ಒಂದೇ. ನಾವು ಬಲ್ಬಿಗೆ ಸುರಿಯಬೇಕಿದ್ದ ಹಣ ಉಳಿಯಿತು.

ಒಂದು ಎಚ್ಚರಿಕೆ. ಎರಡೇ ವೈರಿನ ಹಳೆಯ ಸ್ವಿಚ್ಚಿಗೆ ಮಾತ್ರ ಈ ಪರೀಕ್ಷೆ. ಈಗಿನ ಕಾರುಗಳಲ್ಲಿ ನಾಲ್ಕು ವೈರಿನ ಸ್ವಿಚ್ ಬರುತ್ತದೆ, ಎಂಜಿನ್ ಕಂಪ್ಯೂಟರಿಗೂ ಅದೇ ಸುದ್ದಿ ಕಳಿಸುತ್ತದೆ. ಅಲ್ಲಿ ವೈರ್ ತುಂಡು ಹಿಡಿದು ಆಟವಾಡಬೇಡಿ. ಆಟೋಮ್ಯಾಟಿಕ್ ಗೇರಿನ ಎಷ್ಟೋ ಕಾರುಗಳಲ್ಲಿ ಈ ಸ್ವಿಚ್ ಕೆಟ್ಟರೆ ಗೇರ್ ಪಾರ್ಕಿಂಗಿನಿಂದ ಹೊರಗೇ ಬರುವುದಿಲ್ಲ. ಇದು ಹಳೆಯ ಗಾಡಿಗಳ ರೋಗ ಮಾತ್ರವೂ ಅಲ್ಲ. 2013ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಹ್ಯುಂಡೈ ಮತ್ತು ಕಿಯಾ ಸೇರಿ 16 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಇದೇ ಸ್ವಿಚ್ಚಿಗಾಗಿ ವಾಪಸ್ ಕರೆದಿದ್ದವು.

ಹಳೆಯ ಸ್ವಿಚ್ಚನ್ನು ಅಣ್ಣ ನಮ್ಮೆದುರೇ ಬಿಚ್ಚಿದರು. ಒಳಗಿನ ತಾಮ್ರ ಕಪ್ಪಾಗಿ ಸುಟ್ಟಿತ್ತು, ಅಂಚಿನಲ್ಲಿ ಹಸಿರು ಕಿಲುಬು. 21 ವಾಟಿನ ಎರಡು ಬಲ್ಬ್ ಎಂದರೆ 12 ವೋಲ್ಟಿನಲ್ಲಿ ಮೂರೂವರೆ ಆಂಪಿಯರ್ ಕರೆಂಟ್. ಪ್ರತಿ ಸಲ ಪೆಡಲ್ ಬಿಟ್ಟಾಗಲೂ ಅಲ್ಲಿ ಒಂದು ಸಣ್ಣ ಕಿಡಿ ಹಾರುತ್ತದೆ. ಅದರ ಜೊತೆ ಸಮುದ್ರದ ಉಪ್ಪು ಗಾಳಿ. ವಾಸ್ಕೋದಲ್ಲಿ ಕಿಟಕಿಯ ಸರಳೇ ಉಳಿಯುವುದಿಲ್ಲ, ಇದು ಉಳಿದೀತೇ?

ಹೊಸ ಸ್ವಿಚ್ಚಿನ ಬೆಲೆ ಯಾತ್ರೆಗೆ ಹಾಕಿಸಿದ ಪೆಟ್ರೋಲಿಗಿಂತ ಕಡಿಮೆ. ಹಾಕುವುದು ಸುಲಭ, ಕೂರಿಸುವುದೇ ನಾಜೂಕು. ನಟ್ ಬಿಗಿಯುವ ಮೊದಲು ಸ್ವಿಚ್ಚನ್ನು ತಿರುಗಿಸಿ ಅಂತರ ಸರಿಮಾಡಬೇಕು. ತೀರಾ ಮುಂದೆ ಬಂದರೆ ಅದು ಪೆಡಲನ್ನೇ ತುಸು ಒತ್ತಿಬಿಡುತ್ತದೆ, ಬ್ರೇಕ್ ಉಜ್ಜುತ್ತಾ ಬಿಸಿಯಾಗುತ್ತದೆ. ತೀರಾ ಹಿಂದೆ ಸರಿದರೆ ಕಡ್ಡಿ ಒಳಗೆ ಹೋಗದೆ ದೀಪ ಸದಾ ಹತ್ತಿಕೊಂಡೇ ಇರುತ್ತದೆ. ಕೆಲವು ಕಾರುಗಳಲ್ಲಿ ಕಡ್ಡಿ ತಾಗುವ ಜಾಗದ ಸಣ್ಣ ರಬ್ಬರ್ ಅಥವಾ ಪ್ಲಾಸ್ಟಿಕ್ ಗುಂಡಿ ಒಡೆದು ಬಿದ್ದರೂ ಹೀಗೇ ಆಗುತ್ತದೆ. ಕಾಲಿನ ಮ್ಯಾಟ್ ಮೇಲೆ ಪ್ಲಾಸ್ಟಿಕ್ ಚೂರು ಕಂಡರೆ ಗುಡಿಸಿ ಎಸೆಯುವ ಮೊದಲು ಒಮ್ಮೆ ಹಿಂದೆ ಹೋಗಿ ನೋಡಿ. ಬ್ಯಾಟರಿ ಇಳಿಯುವುದು ಇದರ ಸಣ್ಣ ನಷ್ಟ. ಸದಾ ಹತ್ತಿರುವ ಬ್ರೇಕ್ ಲೈಟನ್ನು ಹಿಂದೆ ಬರುವವರು ನಂಬುವುದನ್ನೇ ಬಿಡುತ್ತಾರೆ, ಹತ್ತದ ದೀಪಕ್ಕಿಂತ ಅದು ಕೆಟ್ಟದ್ದು ಎಂದು ನಮಗನ್ನಿಸುತ್ತದೆ.

ಶನಿವಾರ ಸಂಜೆ ಹೊರಡುವ ಮುನ್ನ ಸ್ವಾಮಿಯವರು ಬಂದು ಕಾರಿಗೆ ಪವಿತ್ರ ಜಲ ಚಿಮುಕಿಸಿದರು. ಬಾನೆಟ್ ಮುಗಿಸಿ ಹಿಂದೆ ಹೋಗಿ ನಿಂತು, “ಈಗ ಬ್ರೇಕ್ ಒತ್ತು ನೋಡೋಣ” ಎಂದರು ಕಾಕಾನಿಗೆ. ಮೂರೂ ಹತ್ತಿದವು. ಆ ರಾತ್ರಿ ಪಿಲಾರ್ ದಾಟಿ ಬೀದಿದೀಪವಿಲ್ಲದ ರಸ್ತೆಯಲ್ಲಿ ನಮ್ಮಲ್ಲೊಬ್ಬಳು ಕಾಲು ಉಳುಕಿ ಕುಳಿತಾಗ ಕಾರು ಥಟ್ಟನೆ ನಿಂತಿತು. ಹಿಂದಿನಿಂದ ಬರುತ್ತಿದ್ದ ಟೆಂಪೋ ಬಹಳ ದೂರದಲ್ಲೇ ವೇಗ ತಗ್ಗಿಸಿ, ಬಲಕ್ಕೆ ಸರಿದು, ಹಾರ್ನ್ ಕೂಡ ಮಾಡದೆ ದಾಟಿ ಹೋಯಿತು. ಅವಳ ಕಾಲಿಗೆ ಪಟ್ಟಿ ಕಟ್ಟುವುದರಲ್ಲಿದ್ದ ನಾವು ಅದನ್ನು ಸರಿಯಾಗಿ ಗಮನಿಸಲೂ ಇಲ್ಲ. ಆಮೇಲೆ ಹೇಳಿದವರು ಕಾಕಾ.

ಒಬ್ಬರೇ ಇದ್ದಾಗ ಪರೀಕ್ಷೆ ಮಾಡುವುದು ಹೇಗೆ ಎಂದು ಹಲವರು ಕೇಳಿದ್ದಾರೆ. ಕತ್ತಲಾದ ಮೇಲೆ ಗಾಡಿಯ ಹಿಂಭಾಗವನ್ನು ಗೋಡೆಯ ಕಡೆ ಮಾಡಿ ನಿಲ್ಲಿಸಿ, ಬ್ರೇಕ್ ಒತ್ತಿ ಕನ್ನಡಿಯಲ್ಲಿ ನೋಡಿ. ಗೋಡೆ ಕೆಂಪಾಗಬೇಕು. ಎಡ ಬಲ ಎರಡೂ ಹತ್ತಿವೆಯೇ ಎಂದು ಖಚಿತವಾಗಬೇಕಾದರೆ ಮೊಬೈಲನ್ನು ಹಿಂದೆ ಇಟ್ಟು ವಿಡಿಯೋ ಮಾಡಿಕೊಳ್ಳಿ. ಸ್ಕೂಟರ್, ಬೈಕಿನವರು ಮುಂದಿನ ಹಾಗೂ ಹಿಂದಿನ ಎರಡೂ ಬ್ರೇಕನ್ನು ಬೇರೆ ಬೇರೆಯಾಗಿ ಒತ್ತಿ ನೋಡಬೇಕು, ಎರಡಕ್ಕೂ ಪ್ರತ್ಯೇಕ ಸ್ವಿಚ್ ಇರುತ್ತದೆ. ಇಲ್ಲವಾದರೆ ಬರುವ ಭಾನುವಾರ ಕನ್ನಡ ಪೂಜೆ ಮುಗಿದ ಮೇಲೆ ಗಾಡಿಯನ್ನು ಅಂಗಳದ ಗೋಡೆಯ ಹತ್ತಿರ ತನ್ನಿ. ನೀವು ಒತ್ತಿ, ಹಿಂದೆ ನಾವು ನಿಂತಿರುತ್ತೇವೆ.